ಸಂಪಾದಕರ ಉತ್ತರ: ಒಂದೇ ದೇಹದಲ್ಲಿ ಬದಲಾಗುವ ವೈರಾಣು

ಬ್ರಹ್ಮಾವರದ ಓದುಗರಿಗೆ,

ಮಾನ್ಯರೇ,

ಮೂತ್ರಪಿಂಡ ಕಸಿ ಮಾಡಿಸಿಕೊಂಡಿರುವ ತಮ್ಮ ಭಾವನವರಿಗೆ ತಗಲಿದ ಕೋವಿಡ್ ಸೋಂಕು ಎರಡು ತಿಂಗಳಾದರೂ ಬಿಟ್ಟಿಲ್ಲವೆಂದೂ, "ಹೊಸ ತಳಿ ಹುಟ್ಟುವುದು ಇಂಥವರ ಮೈಯಲ್ಲೇ ಅಂತೆ" ಎಂದು ನೆರೆಯವರು ಅಂಗಳಕ್ಕೂ ಬರುತ್ತಿಲ್ಲವೆಂದೂ ಬರೆದು, ಇದರಲ್ಲಿ ನಿಜವೆಷ್ಟು ಎಂದು ಕೇಳಿದ್ದೀರಿ. ಆ ಮಾತಿನಲ್ಲಿ ನಿಜದ ಅಂಶವಿದೆ. ಅದರಿಂದ ನೆರೆಯವರು ತೆಗೆದ ತೀರ್ಮಾನ ಮಾತ್ರ ತಪ್ಪು.

ವೈರಾಣು ಉಪಾಯ ಹೂಡಿ ಬದಲಾಗುವುದಿಲ್ಲ. ಯಕ್ಷಗಾನ ಪ್ರಸಂಗದ ಹಸ್ತಪ್ರತಿಯನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪುವಂತೆ, ಜೀವಕೋಶದೊಳಗೆ ಅದರ ಪ್ರತಿಗಳು ತಯಾರಾಗುವಾಗ ಅಲ್ಲಲ್ಲಿ ತಪ್ಪು ನುಸುಳುತ್ತದೆ. ಕೊರೊನಾ ವೈರಾಣುವಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯಲ್ಲಿ ಸುಮಾರು 30,000 ಅಕ್ಷರಗಳಿದ್ದು, ತಪ್ಪು ತಿದ್ದುವ ಕಿಣ್ವವೊಂದು ಅದಕ್ಕಿದೆ. ಎಚ್‌ಐವಿಗೆ ಅದೂ ಇಲ್ಲ. ಒಂದೇ ಔಷಧ ಕೊಟ್ಟರೆ ಅದನ್ನು ಬೇಗನೆ ಮೀರಿ ನಿಲ್ಲುತ್ತದೆಂದೇ ಅಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಆರೋಗ್ಯವಂತರಲ್ಲಿ ಕೋವಿಡ್ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮುಗಿಯುವುದರಿಂದ ಇಂಥ ತಪ್ಪುಗಳು ನೆಲೆಯೂರಲು ಸಮಯ ಸಿಗದು. ಆದರೆ ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯಬಹುದು. ಅದನ್ನು ಅಳಿಸಿಹಾಕಲು ಸಾಲದ, ಆದರೂ ಒಂದಿಷ್ಟು ಕಾಡುವ ಪ್ರತಿರೋಧ ಅಲ್ಲಿರುವಾಗ, ಆ ಪ್ರತಿರೋಧದಿಂದ ನುಣುಚಿಕೊಳ್ಳಬಲ್ಲ ಪ್ರತಿಗಳೇ ಹೆಚ್ಚುತ್ತವೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 2021ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಪ್ರಕಟಿಸಿದ ಒಬ್ಬ ರೋಗಿಯ ವೃತ್ತಾಂತ. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ಅವರಲ್ಲಿ ಸೋಂಕು 101 ದಿನ ಉಳಿಯಿತು. ಮೊದಲ ಎರಡು ತಿಂಗಳು ವೈರಾಣು ಹೆಚ್ಚೇನೂ ಬದಲಾಗಲಿಲ್ಲ. ಗುಣಮುಖರಾದವರ ಪ್ಲಾಸ್ಮಾವನ್ನು, ಅಂದರೆ ವೈರಾಣುವನ್ನು ತಡೆಯುವ ಪ್ರತಿಕಾಯಗಳಿರುವ ರಕ್ತದ ದ್ರವಭಾಗವನ್ನು, ನೀಡಿದ ಮೇಲೆ ಆ ಪ್ರತಿಕಾಯಗಳಿಗೆ ಸುಲಭವಾಗಿ ಮಣಿಯದ ಒಂದು ರೂಪ ಮುಂದೆ ಬಂತು. ಪ್ಲಾಸ್ಮಾದ ಪ್ರಭಾವ ಇಳಿದಾಗ ಅದು ಹಿಂದೆ ಸರಿಯಿತು, ಮತ್ತೆ ಪ್ಲಾಸ್ಮಾ ಕೊಟ್ಟಾಗ ಮರಳಿತು. ಆ ರೂಪದ ಒಂದು ಬದಲಾವಣೆ ಪ್ರತಿಕಾಯದಿಂದ ರಕ್ಷಣೆ ಕೊಟ್ಟರೂ ಜೀವಕೋಶಕ್ಕೆ ಸೋಂಕು ತಗಲಿಸುವ ಶಕ್ತಿಯನ್ನು ಕುಗ್ಗಿಸುತ್ತಿತ್ತು, ಇನ್ನೊಂದು ಬದಲಾವಣೆ ಆ ನಷ್ಟವನ್ನು ತುಂಬಿಕೊಟ್ಟಿತು ಎಂಬ ಅಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಮ್ಮಲ್ಲೂ ಆಗ ಪ್ಲಾಸ್ಮಾ ದಾನಿಗಳಿಗಾಗಿ ಮನೆಮಂದಿ ಅಲೆದಾಡುತ್ತಿದ್ದರು. 2021ರ ಮೇ ತಿಂಗಳಲ್ಲಿ ಅದನ್ನು ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು.

ಕೊರೊನಾದ ಆಲ್ಫಾ ಎಂಬ ತಳಿ ಇಂಥ ದೀರ್ಘ ಸೋಂಕಿನಿಂದಲೇ ಬಂದಿರಬೇಕೆಂದು ಅನೇಕ ವಿಜ್ಞಾನಿಗಳು ಊಹಿಸಿದ್ದಾರೆ. ಆದರೆ ಒಂದು ದೇಹದೊಳಗೆ ಉಳಿಯಲು ನೆರವಾಗುವ ಬದಲಾವಣೆ ಬೇರೊಬ್ಬರಿಗೆ ಹರಡಲೂ ನೆರವಾಗಬೇಕೆಂದೇನೂ ಇಲ್ಲ. ಹೀಗೆ ಹುಟ್ಟಿದ ರೂಪಗಳಲ್ಲಿ ಹೆಚ್ಚಿನವು ಆ ರೋಗಿಯಿಂದಾಚೆಗೆ ದಾಟುವುದಿಲ್ಲ. ಸೋಂಕು ಇರುವಷ್ಟು ದಿನ ಪ್ರತ್ಯೇಕ ಕೋಣೆ, ಮಾಸ್ಕ್, ತೆರೆದ ಕಿಟಕಿ ಬೇಕು. ಊಟ ತಂದು ಜಗಲಿಯಲ್ಲಿಟ್ಟು ದೂರದಿಂದ ಮಾತನಾಡಿಸಿ ಹೋಗಲು ನೆರೆಯವರು ಹೆದರಬೇಕಾಗಿಲ್ಲ.

ಭಯಪಟ್ಟು ಭಾವನವರು ಕಸಿಯ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ, ಮೂತ್ರಪಿಂಡವೇ ಕೈತಪ್ಪೀತು. ಆ ಔಷಧದ ಪ್ರಮಾಣ ಇಳಿಸಬೇಕೇ, ವೈರಾಣು ನಿರೋಧಕ ಔಷಧದ ಜೊತೆ ಅದು ಹೊಂದುತ್ತದೆಯೇ ಎಂಬುದನ್ನು ಅವರ ಮೂತ್ರಪಿಂಡ ತಜ್ಞರನ್ನೇ ಈ ವಾರ ಕೇಳಿ.

ಸಂಪಾದಕ