ಕಲಾವಿದೆ ನಸ್ರೀನ್ ಮೊಹಮದಿ ಚಿತ್ರಗಳಲ್ಲಿ ಬರೀ ಗೆರೆಗಳಿವೆ. ಅದರಲ್ಲೇನು ವಿಶೇಷ? ಬದುಕಿದ್ದಾಗ ಅವರಿಗೇಕೆ ಹೆಸರು ಬರಲಿಲ್ಲ?

ಮೊಬೈಲಿನಲ್ಲಿ ನೋಡಿದ್ದರೆ ಹಾಗನ್ನಿಸುವುದು ಸಹಜ. ಅವರ ಗೆರೆ ಕೂದಲೆಳೆಯಷ್ಟು ಸಣ್ಣ. ಫೋಟೊ ಕುಗ್ಗಿಸಿದರೆ ಪೆನ್ಸಿಲ್ಲೂ ಮಸಿಯೂ ಒಂದೇ ಬೂದು ಬಣ್ಣವಾಗಿಬಿಡುತ್ತದೆ. ಹೆಸರು ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

1937ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ಓದಿದ್ದು ಲಂಡನ್ನಿನ ಕಲಾಶಾಲೆ ಸೇಂಟ್ ಮಾರ್ಟಿನ್ಸ್‌ನಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ. 1972ರಿಂದ ಕೊನೆಯವರೆಗೂ ಬರೋಡದ ಲಲಿತಕಲಾ ವಿಭಾಗದಲ್ಲಿ ಮೇಷ್ಟರಾಗಿದ್ದರು. ಅರವತ್ತರ ದಶಕದ ಚಿತ್ರಗಳಲ್ಲಿ ಗಿಡಮರದ ಸುಳಿವಾದರೂ ಇತ್ತು. ಎಪ್ಪತ್ತರಲ್ಲಿ ಅದೂ ಹೋಗಿ, ಹಾಸುಹೊಕ್ಕಿನಂಥ ಚೌಕಳಿ ಬಂತು, ಆಮೇಲೆ ಓರೆಗೆರೆಗಳು.

ಆ ಕೆಲಸದ ಕಷ್ಟ ತಿಳಿಯಬೇಕೆ? ಎ3 ಹಾಳೆಯಲ್ಲಿ 2 ಮಿ.ಮೀ. ಅಂತರಕ್ಕೊಂದರಂತೆ ನೂರು ಗೆರೆ ಎಳೆಯಿರಿ. ಪ್ರತಿ ಗೆರೆಯನ್ನೂ ಹಿಂದಿನದರಿಂದ ಅಳೆದರೆ ಕೆಟ್ಟಿರಿ: ಒಂದೊಂದರಲ್ಲಿ 0.1 ಮಿ.ಮೀ. ತಪ್ಪಿದರೂ ಕೊನೆಗೆ 1 ಸೆಂ.ಮೀ. ವಾಲುತ್ತದೆ. ಅದಕ್ಕೆ ಎಲ್ಲ ಗುರುತನ್ನೂ ಒಂದೇ ಅಂಚಿನಿಂದ ಹಾಕಿಕೊಳ್ಳಿ. ಪೆನ್ಸಿಲ್ ಗಟ್ಟಿ ಸೀಸದ 2ಎಚ್ ಇರಲಿ, ಎಳೆಯುವಾಗ ಬೆರಳಲ್ಲೇ ತಿರುಗಿಸುತ್ತಿರಿ. ಇಲ್ಲದಿದ್ದರೆ ಮೊನೆ ಸವೆದು ಗೆರೆ ಬರಬರುತ್ತ ದಪ್ಪಗಾಗುತ್ತದೆ. ಮಸಿಗಾದರೆ ಸ್ಕೇಲನ್ನು ಮಗುಚಿ ಹಾಕಿ, ಇಳಿಜಾರು ಅಂಚು ಹಾಳೆಯಿಂದ ತುಸು ಮೇಲೆ ನಿಲ್ಲುವಂತೆ. ಅಂಚು ಹಾಳೆಗೆ ತಾಗಿದರೆ ಮಸಿ ಅಡಿಗೆ ನುಗ್ಗುತ್ತದೆ. ನಿಬ್ಬು ಊರಿದ ಮೇಲೆ ಅರೆಕ್ಷಣ ತಡೆದರೂ ತುದಿಯಲ್ಲಿ ಚುಕ್ಕೆ ಗ್ಯಾರಂಟಿ. ತೊಂಬತ್ತನೇ ಗೆರೆ ಕೆಟ್ಟರೆ ಹಾಳೆಯೇ ಹೋಯಿತು.

ಇದೆಲ್ಲ ಕಟ್ಟಡದ ನಕ್ಷೆ ಬರೆಯುವವರ ಕೈಚಳಕ, ನಿಜ. ಆದರೆ ನಕ್ಷೆಯ ಗೆರೆ ಗೋಡೆಯನ್ನೋ ಬಾಗಿಲನ್ನೋ ಹೇಳುತ್ತದೆ, ನಸ್ರೀನ್ ಅವರದು ಏನನ್ನೂ ಹೇಳದೆ ದಟ್ಟವಾಗುತ್ತ, ತೆಳುವಾಗುತ್ತ ಹೋಗುತ್ತದೆ. ಇನ್ನೂ ಕಠಿಣ ಸಂಗತಿಯೆಂದರೆ, ಪಾರ್ಕಿನ್ಸನ್ಸ್‌ನಂಥ ನರರೋಗ ಕೈಕಾಲಿನ ಹಿಡಿತ ಕಸಿಯುತ್ತಿದ್ದ ವರ್ಷಗಳಲ್ಲೂ ಅವರು ಈ ಗೆರೆ ಬಿಡಲಿಲ್ಲ.

ಅದೇ ಬರೋಡದಲ್ಲಿ ಆಗ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್ ಮುಂತಾದ ಚಿತ್ರಕಾರರ 1981ರ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನದ ಒತ್ತು ಮನುಷ್ಯರ ಮೇಲೆ, ಕಥೆಯ ಮೇಲೆ. ನಸ್ರೀನ್ ಅವರ ಚಿತ್ರಗಳಿಗೋ ಹೆಸರಿಲ್ಲ, ಹೆಚ್ಚಿನವಕ್ಕೆ ಇಸವಿಯೂ ಇಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದೇ ತಲೆನೋವು. ತಾವೇ ತೆಗೆದ ಫೋಟೊಗಳನ್ನಂತೂ ಅವರು ಪ್ರದರ್ಶಿಸಲೇ ಇಲ್ಲ. ತೀರಿಕೊಂಡದ್ದು 1990ರಲ್ಲಿ. 2007ರಲ್ಲಿ ಜರ್ಮನಿಯ ದೊಡ್ಡ ಕಲಾಪ್ರದರ್ಶನ ಡಾಕ್ಯುಮೆಂಟಾ, 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ, ಎಲ್ಲ ಆಮೇಲಿನ ಮಾತು.

ಎಲ್ಲಾದರೂ ಮೂಲಚಿತ್ರ ಸಿಕ್ಕರೆ ಮೊದಲು ಒಂದು ಮಾರು ದೂರದಿಂದ ನೋಡಿ, ಆಮೇಲೆ ಒಂದು ಗೇಣಿನಷ್ಟು ಹತ್ತಿರ ಹೋಗಿ. ದೂರಕ್ಕೆ ಮಬ್ಬು ನೆರಳಿನಂತೆ ಕಂಡದ್ದು ಹತ್ತಿರದಲ್ಲಿ ಬಿಡಿಬಿಡಿ ಗೆರೆಯಾಗುತ್ತದೆ.