1891ರಲ್ಲಿ ಆನ್‌ಫೀಲ್ಡ್ ಯಾರ ಮೈದಾನ?
ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಪಂದ್ಯಗಳ ಪಟ್ಟಿ ಮಾಡುತ್ತಿರುವ ನೀವು, 1891ರಲ್ಲಿ ಲೀಗ್ ಗೆದ್ದ ಎವರ್ಟನ್ ತಂಡದ ತವರು ಮೈದಾನ ಆನ್‌ಫೀಲ್ಡ್ ಎಂದಿರುವುದು ಅಚ್ಚಿನ ತಪ್ಪೇ ಎಂದು ಕೇಳಿದ್ದೀರಿ. ಅದು ತಪ್ಪಲ್ಲ. ಆನ್‌ಫೀಲ್ಡ್ ಎಂದರೆ ಲಿವರ್‌ಪೂಲ್ ತಂಡದ ಮೈದಾನ ಎಂಬ ಇಂದಿನ ರೂಢಿಯೇ ಬಹುಶಃ ನಿಮ್ಮ ಗೊಂದಲಕ್ಕೆ ಕಾರಣ. 1884ರಿಂದ 1892ರವರೆಗೆ ಅಲ್ಲಿ ಆಡುತ್ತಿದ್ದುದು ಎವರ್ಟನ್. ಬಾಡಿಗೆಯ ವಿಚಾರವಾಗಿ ಮೈದಾನದ ಮಾಲೀಕ ಜಾನ್ ಹೌಲ್ಡಿಂಗ್ ಅವರೊಡನೆ ಮನಸ್ತಾಪ ಬೆಳೆದು ಕ್ಲಬ್ಬು ಗುಡಿಸನ್ ಪಾರ್ಕ್ ಎಂಬ ಬೇರೆ ಮೈದಾನಕ್ಕೆ ಹೊರಟುಹೋದಾಗ, ಬರಿದಾದ ಮೈದಾನಕ್ಕಾಗಿ ಅವರು ಕಟ್ಟಿದ ಹೊಸ ತಂಡವೇ ಲಿವರ್‌ಪೂಲ್. ಬಾಡಿಗೆದಾರ ಬಿಟ್ಟ ಮನೆಯಲ್ಲಿ ಮಾಲೀಕನೇ ಸಂಸಾರ ಹೂಡಿದ ಹಾಗೆ.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೊದಲು ಪಂದ್ಯದ ದಿನಾಂಕವನ್ನು ನೋಡಿ, ಅನಂತರ 1892ರ ಬೇಸಿಗೆಗೆ ಮುಂಚಿನ ಆನ್‌ಫೀಲ್ಡ್ ತವರು ಪಂದ್ಯಗಳನ್ನು ಎವರ್ಟನ್ ಹೆಸರಿಗೂ, ಆಮೇಲಿನವನ್ನು ಲಿವರ್‌ಪೂಲ್ ಹೆಸರಿಗೂ ಸೇರಿಸಿ. ಎವರ್ಟನ್ ಪುರುಷರ ತಂಡವು 2025ರಲ್ಲಿ ಗುಡಿಸನ್ ಪಾರ್ಕನ್ನೂ ತೊರೆದಿರುವುದರಿಂದ, ಪಟ್ಟಿಯಲ್ಲಿ ಆ ತಂಡದ ತವರು ಮೈದಾನದ ಹೆಸರನ್ನು ಅಲ್ಲಿಂದಾಚೆಗೆ ಇನ್ನೊಮ್ಮೆ ಬದಲಿಸಬೇಕಾಗುತ್ತದೆ.