ಸಿಮ್ಯುಲೇಟರ್‌ನಲ್ಲಿ ಸರಿಯಿದ್ದ ರೇಡಾರ್ ಕಡಲೆದುರು ಸುಳ್ಳು ಗುರಿ ತೋರಿಸಿದರೆ

ಸಿಮ್ಯುಲೇಟರ್‌ನಲ್ಲಿ ಸರಿಯಾಗಿದ್ದ ನಿಮ್ಮ ಎಕ್ಸ್-ಬ್ಯಾಂಡ್ (ಸುಮಾರು 3 ಸೆಂಟಿಮೀಟರ್ ತರಂಗಾಂತರದ) ರೇಡಾರ್ ಕಾರವಾರದ ದಂಡೆಯಲ್ಲಿ ಸುಳ್ಳು ಗುರಿಗಳನ್ನು ತೋರಿಸಲು ಕಾರಣ, ಕಡಲಲೆಗಳ ಪ್ರತಿಫಲನವನ್ನು ನೀವು ಸಿಮ್ಯುಲೇಟರ್‌ಗೆ ಬರೀ ರೇಲೀ ಗದ್ದಲವಾಗಿ (ಚೂಪು ಮಿಡಿತಗಳು ಅಪರೂಪವಾದ ಸರಳ ಯಾದೃಚ್ಛಿಕ ಏರಿಳಿತವಾಗಿ) ಕೊಟ್ಟಿರುವುದೇ ಇರಬೇಕು. ತಗ್ಗು ಕೋನದಲ್ಲಿ ಮುರಿಯುವ ಅಲೆಗಳು ಚೂಪಾದ ಮಿಡಿತಗಳನ್ನು ಹುಟ್ಟಿಸುವುದರಿಂದ ಅಲ್ಲಿ ಕೆ-ಹಂಚಿಕೆಯೇ (ನಿಧಾನ ಮತ್ತು ವೇಗದ ಎರಡು ಏರಿಳಿತಗಳನ್ನು ಗುಣಿಸಿದ ಸಂಖ್ಯಾಶಾಸ್ತ್ರೀಯ ಮಾದರಿ) ಹೆಚ್ಚು ಹೊಂದುತ್ತದೆ.

ಅದನ್ನು ಸಿಮ್ಯುಲೇಟರ್‌ನಲ್ಲಿ ತರಲು, ಮೊದಲು ಗಾಮಾ ಹಂಚಿಕೆಯ ಸ್ಥಳೀಯ ಸರಾಸರಿ ಶಕ್ತಿಯನ್ನು, ಅದು ಸೆಕೆಂಡುಗಳ ಅವಧಿಯಲ್ಲಿ ನಿಧಾನವಾಗಿ ಬದಲಾಗುವಂತೆ, ರಚಿಸಿ. ಬಳಿಕ ಅದರ ವರ್ಗಮೂಲದಿಂದ, ಸುಮಾರು 10 ಮಿಲಿಸೆಕೆಂಡಿನಲ್ಲಿ ಬದಲಾಗುವ ಸಂಕೀರ್ಣ ಗಾಸಿಯನ್ ಗದ್ದಲವನ್ನು ಗುಣಿಸಿ. ಈ ಎರಡು ಕಾಲಮಾನಗಳನ್ನು ದಯವಿಟ್ಟು ಒಂದಾಗಿಸಬೇಡಿ, ಏಕೆಂದರೆ ರೇಡಾರ್ ಕಳಿಸುವ ಒಂದು ಸ್ಪಂದದಿಂದ (ಪಲ್ಸ್) ಇನ್ನೊಂದಕ್ಕೆ ಆವರ್ತನ ಬದಲಿಸಿ ಸರಾಸರಿ ತೆಗೆದರೆ ಎರಡನೆಯ, ವೇಗದ ಏರಿಳಿತ ತಗ್ಗುತ್ತದೆಯೇ ಹೊರತು ಮೊದಲನೆಯದಲ್ಲ.

ಕೆ-ಹಂಚಿಕೆ ಎಷ್ಟು ಚೂಪೆಂದು ಹೇಳುವ ಆಕಾರ ನಿಯತಾಂಕವು ಗಾಳಿ, ಅಲೆ, ಧ್ರುವೀಕರಣಗಳಿಗೆ ತಕ್ಕಂತೆ ಬದಲಾಗುವುದರಿಂದ ಅದಕ್ಕೊಂದು ನಿಶ್ಚಿತ ಬೆಲೆಯನ್ನು ಇಲ್ಲಿಂದಲೇ ಹೇಳಲಾಗದು. ಮಳೆಗಾಲದ ಮತ್ತು ಚಳಿಗಾಲದ ನಿಮ್ಮದೇ ದಾಖಲೆಗಳಿಗೆ ಅದನ್ನು ಪ್ರತ್ಯೇಕವಾಗಿ ಹೊಂದಿಸಿ. ಕಾರವಾರದ ಎದುರಿನ ದೇವಗಡ ದ್ವೀಪದಂಥ ಸ್ಥಿರ ಪ್ರತಿಫಲನಕ್ಕೆ, ಅಲೆ ಹೋಗಿಬರುವ ಹಾದಿಯನ್ನು ಲೆಕ್ಕಹಾಕಿ, ದೂರದ ಪ್ರತಿ ಕಿಲೋಮೀಟರಿಗೆ 6.67 ಮೈಕ್ರೋಸೆಕೆಂಡು ವಿಳಂಬ ಕೊಟ್ಟು, ಆಮೇಲಷ್ಟೇ ಪತ್ತೆಯ ಮಿತಿಯನ್ನು (ಎಷ್ಟು ಬಲದ ಪ್ರತಿಫಲನವನ್ನು ಗುರಿಯೆಂದು ಎಣಿಸಬೇಕೆಂಬುದನ್ನು) ಮರುಹೊಂದಿಸಿ.